ಅವ್ವನ ಸೆರಗಿನ ಗಂಟಿನಲ್ಲಿದ್ದ ಹಲ್ಲು

ಸಂಕ್ರಾಂತಿ ಮುಗಿದ ಮಾರನೇ ದಿನ ಬೆಳಿಗ್ಗೆ ಊರಿಂದ ಅವ್ವನ ಫೋನು. ಸಾಮಾನ್ಯವಾಗಿ ಅವಳು ಮೊದಲು ಮಳೆ ಬೆಳೆ, ಆಮೇಲೆ ದನಕರು, ಆಮೇಲೆ ಯಾರ ಮನೆಯಲ್ಲಿ ಏನಾಯ್ತು ಅಂತ ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬರುವವಳು. ಅವತ್ತು ನೇರವಾಗಿ ಹೇಳಿದಳು.

"ನೀನು ಕಟ್ಸಿದ್ ಹಲ್ಲು ಕೈಗ್ ಬಂತು ಕಣಪ್ಪ."

ಎಳ್ಳು ಬೀರುವಾಗ ಬಂದ ಕೊಬ್ಬರಿ ಬೆಲ್ಲದ ಚೂರು ಕಡಿದಿದ್ದಾಳೆ. ಕಟಕ್ ಅಂದಿದೆ. ನೋವಿಲ್ಲ, ರಕ್ತ ಇಲ್ಲ. ಟೋಪಿ, ಅದರ ಕೆಳಗೆ ಸಣ್ಣ ಕಡ್ಡಿ, ಎರಡೂ ಒಟ್ಟಿಗೆ ಅಂಗೈಗೆ ಬಂದಿವೆ. ಅದನ್ನು ತೊಳೆದು ಸೆರಗಿನ ತುದಿಗೆ ಗಂಟು ಹಾಕಿ ಇಟ್ಟುಕೊಂಡಿದ್ದಾಳೆ, ನಾನು ಬಂದಾಗ ಕೊಡೋಕೆ. "ಹನ್ನೊಂದು ಸಾವ್ರ ಕೊಟ್ಟಿದ್ದೆ, ಬಿಸಾಕಕ್ಕೆ ಮನಸ್ ಬರ್ಲಿಲ್ಲ" ಅಂದಳು.

ನನಗೆ ಮೈಯೆಲ್ಲ ಉರಿದುಹೋಯ್ತು. ಯಾಕೆ ಅಂತ ಹೇಳಬೇಕಾದರೆ ಮೂರು ವರ್ಷ ಹಿಂದಕ್ಕೆ ಹೋಗಬೇಕು.

ನಮ್ಮೂರು ಹರದನಹಳ್ಳಿ. ಹೊಳೆನರಸೀಪುರ ತಾಲೂಕು, ಹಾಸನ ಜಿಲ್ಲೆ. ಹೆಸರು ಹೇಳಿದ ಕೂಡಲೇ "ಓ, ದೇವೇಗೌಡರ ಊರಾ?" ಅಂತ ಎಲ್ಲರೂ ಕೇಳ್ತಾರೆ. ಹೌದು, ಅದೇ ಊರು. 1996ರಲ್ಲಿ ಅವರು ಪ್ರಧಾನಿ ಆದಮೇಲೆ ನಮ್ಮೂರಿನ ಹೆಸರು ಹೊರಗಿನವರಿಗೂ ಗೊತ್ತಾಯ್ತು. ಆದರೆ ಹಲ್ಲಿನ ವಿಷಯದಲ್ಲಿ ನಮ್ಮೂರೂ ಎಲ್ಲಾ ಊರಿನ ಹಾಗೇ. ನಾನು ಚಿಕ್ಕವನಿದ್ದಾಗ ಇದ್ದಿಲು ಉಪ್ಪು, ಇಲ್ಲಾ ಬೇವಿನ ಕಡ್ಡಿ. ನೋವು ಬಂದರೆ ಲವಂಗ. ಲವಂಗಕ್ಕೂ ಜಗ್ಗದಿದ್ದರೆ ಹೊಳೆನರಸೀಪುರಕ್ಕೋ ಹಾಸನಕ್ಕೋ ಹೋಗಿ ಕೀಳಿಸಿಕೊಂಡು ಬರೋದು. ಅಪ್ಪ ಹೀಗೇ ಒಂದೊಂದಾಗಿ ಕೀಳಿಸುತ್ತಾ ಐವತ್ತೈದಕ್ಕೆಲ್ಲ ಬೊಚ್ಚುಬಾಯಿ ಆಗಿದ್ದರು. ಕೇಳಿದರೆ "ಮುದ್ದೆ ನುಂಗಕ್ಕೆ ಹಲ್ಯಾಕ್ಲಾ ಬೇಕು?" ಅಂತಿದ್ದರು. ಅದು ನಿಜವೇ. ಮುದ್ದೆ ಅಗಿದು ತಿನ್ನೋ ಪದಾರ್ಥ ಅಲ್ಲವಲ್ಲ. ಆದರೆ ಕೊನೆಕೊನೆಗೆ ಅಪ್ಪ ಅವರೆಕಾಳು ಸಾರಿನಲ್ಲಿ ಕಾಳು ಬಿಟ್ಟು ಸಾರು ಮಾತ್ರ ಹಾಕಿಸಿಕೊಳ್ಳುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವ್ವನಿಗೆ ಹಾಗೆ ಆಗಬಾರದು ಅಂತ ನನ್ನ ಹಟ. ಮೇಲಿನ ಸಾಲಲ್ಲಿ, ಕೋರೆಹಲ್ಲಿನ ಹಿಂದಿನ ಎರಡನೇ ಹಲ್ಲು ಹುಳುಕಾಗಿ ಅವಳು ರಾತ್ರಿಯೆಲ್ಲ ನರಳಿದಾಗ ಬೆಂಗಳೂರಿಗೆ ಕರೆದುಕೊಂಡು ಬಂದು ನಮ್ಮ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್ ಮಾಡಿಸಿದೆ. ಹಲ್ಲಿನ ಮೇಲ್ಭಾಗ ಬಹಳಷ್ಟು ಹೋಗಿತ್ತು. ಅದಕ್ಕೆ ಬೇರಿನೊಳಗೆ ಗಾಜಿನ ನಾರಿನ ಕಡ್ಡಿ, ಅಂದರೆ ಪೋಸ್ಟ್, ಕೂರಿಸಿ, ಅದರ ಮೇಲೆ ಸಿಮೆಂಟು ತುಂಬಿ, ಮೇಲೊಂದು ಟೋಪಿ ಹಾಕಿದರು. ಅವ್ವ ಮೂರು ದಿನ ಗೊಣಗಿದಳು, "ಕೀಳ್ಸಿದ್ರೆ ಇನ್ನೂರು ರೂಪಾಯಲ್ಲಿ ಮುಗೀತಿತ್ತು" ಅಂತ. ಡಾಕ್ಟರು ನಗುತ್ತಾ "ಇನ್ನು ಯೋಚನೆ ಮಾಡಬೇಡಿ ಅಮ್ಮ, ಇದು ಪರ್ಮನೆಂಟು" ಅಂದರು. ನಾನೂ ಅದನ್ನೇ ನಂಬಿದೆ.

ಮೂರು ವರ್ಷಕ್ಕೆ ಪರ್ಮನೆಂಟು ಸೆರಗಿನ ಗಂಟಿಗೆ ಬಂತು!

ಆ ವಾರಾಂತ್ಯ ಊರಿಗೆ ಹೋದವನು ಸುಮ್ಮನಿರಲಿಲ್ಲ. ಅರಳಿಕಟ್ಟೆ ಮೇಲೆ ಕೂತು, ಕೇಳಿದವರಿಗೂ ಕೇಳದವರಿಗೂ ಭಾಷಣ ಬಿಗಿದೆ. "ಈ ರೂಟ್ ಕೆನಾಲ್ ಅನ್ನೋದೇ ದುಡ್ಡು ಹೊಡೆಯೋ ದಂಧೆ. ಯಾವುದೋ ಕಳಪೆ ಅಂಟು ಹಾಕಿ ಕಳಿಸ್ತಾರೆ. ಕೀಳಿಸೋದೇ ಒಳ್ಳೇದು" ಅಂತ. ಬೆಂಗಳೂರಲ್ಲಿ ಕೆಲಸ ಮಾಡೋನು, ನಾಕು ಅಕ್ಷರ ಓದಿರೋನು ಹೇಳ್ತಿದಾನೆ ಅಂದಮೇಲೆ ಕೇಳುವವರು ಇದ್ದೇ ಇರ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಇದಕ್ಕೆ ಬರ್ತೀನಿ.

ನಮ್ಮಕ್ಕನ ಮಗಳು ಹಲ್ಲಿನ ಡಾಕ್ಟರಿಕೆ ಓದಿದವಳು. ಈಗ ಮುಂದಿನ ಓದು ಓದುತ್ತಿದ್ದಾಳೆ, ಅದೂ ಈ ಬೇರಿನ ಚಿಕಿತ್ಸೆಯ ವಿಭಾಗದಲ್ಲೇ. ಅವಳೂ ಆ ಭಾನುವಾರ ಅಜ್ಜಿಯನ್ನು ನೋಡಲು ಬಂದಿದ್ದಳು. ಜಗಲಿ ಮೇಲೆ ಕೂತು ಅವ್ವ ಸೆರಗಿನ ಗಂಟು ಬಿಚ್ಚಿ ಆ ಟೋಪಿ ಕಡ್ಡಿಯನ್ನು ಅವಳ ಕೈಗಿಟ್ಟಳು. ಅವಳು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಮಾವ, ಅಂಟು ಕಳಪೆ ಅಂತ ಹೇಗೆ ಹೇಳ್ತೀರ? ನೋಡಿ, ಅಂಟು ಕಡ್ಡಿಗೆ ಹಾಗೇ ಹಿಡಕೊಂಡಿದೆ. ಸುತ್ತಲೂ ಇದೆ. ಬಿಟ್ಟುಕೊಂಡಿರೋದು ಹಲ್ಲಿನ ಕಡೆ."

"ಅಂದ್ರೆ?"

"ಅಂದ್ರೆ ಅಂಟು ಹಿಡಿದಿತ್ತು. ಅದು ಹಿಡಕೊಂಡಿದ್ದ ಹಲ್ಲೇ ಕೈಬಿಟ್ಟಿರಬಹುದು."

ನನಗೆ ಅರ್ಥ ಆಗಲಿಲ್ಲ. ಆಮೇಲೆ ಸುಮಾರು ಎರಡು ಗಂಟೆ ಅವಳು ಹೇಳಿದ್ದು, ನಾನು ಆಮೇಲೆ ಹುಡುಕಿ ಓದಿಕೊಂಡದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಹಲ್ಲು ಅಂದರೆ ಒಂದೇ ಕಲ್ಲಿನ ತುಂಡು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಮೇಲೆ ಕಾಣುವ ಬಿಳಿ ಹೊದಿಕೆ ಎನಾಮಲ್. ಅದರ ಕೆಳಗೆ ಮತ್ತು ಬೇರಿನ ಉದ್ದಕ್ಕೂ ಇರೋದು ಡೆಂಟಿನ್. ಈ ಡೆಂಟಿನ್ನಿನ ತೂಕದಲ್ಲಿ ನೂರಕ್ಕೆ ಸುಮಾರು 70 ಭಾಗ ಖನಿಜ, 20 ಭಾಗ ಜೈವಿಕ ವಸ್ತು, ಉಳಿದ 10 ಭಾಗ ನೀರು. ಆ ಜೈವಿಕ ವಸ್ತುವಿನಲ್ಲಿ ಬಹುಪಾಲು, ನೂರಕ್ಕೆ 90ರಷ್ಟು, ಕೊಲಾಜೆನ್ ಅನ್ನೋ ನಾರು. ನಮ್ಮ ಚರ್ಮ, ಮೂಳೆ, ಸ್ನಾಯುವಿನ ಹುರಿ, ಎಲ್ಲದರಲ್ಲೂ ಇರುವ ನಾರು ಅದು.

ಅವಳು ಎದುರಿಗಿದ್ದ ನಮ್ಮ ಹಳೇ ಕೊಟ್ಟಿಗೆಯ ಮಣ್ಣಿನ ಗೋಡೆ ತೋರಿಸಿದಳು. "ಅಜ್ಜ ಮಣ್ಣಿಗೆ ಹುಲ್ಲು ಕತ್ತರಿಸಿ ಹಾಕಿ ತುಳಿಸಿ ಗೋಡೆ ಕಟ್ಟಿದ್ರಲ್ಲ, ಹಾಗೆ. ಮಣ್ಣು ಅಂದ್ರೆ ಖನಿಜ. ಹುಲ್ಲು ಅಂದ್ರೆ ಕೊಲಾಜೆನ್. ಬರೀ ಮಣ್ಣಾದ್ರೆ ಬಿರುಕು ಬಿಡುತ್ತೆ, ಬರೀ ಹುಲ್ಲಾದ್ರೆ ನಿಲ್ಲಲ್ಲ."

ಸರಿ. ಈಗ ಹಲ್ಲಿಗೆ ಅಂಟು ಹಚ್ಚೋದು ಹೇಗೆ? ಇದರ ಕತೆ 1955ರಲ್ಲಿ ಶುರು. ಅಮೆರಿಕದ ಮೈಕೆಲ್ ಬ್ಯುನೊಕೋರ್ ಅನ್ನುವವರು ಎನಾಮಲ್ಲಿಗೆ ಫಾಸ್ಫಾರಿಕ್ ಆಮ್ಲ ಸವರಿ, ಮೇಲ್ಮೈಯನ್ನು ತರಿತರಿ ಮಾಡಿದರೆ ರಾಳ ಚೆನ್ನಾಗಿ ಹಿಡಿಯುತ್ತದೆ ಅಂತ ತೋರಿಸಿದರು. ಗೋಡೆಗೆ ಗಾರೆ ಹಾಕೋ ಮುಂಚೆ ಉಳಿಯಿಂದ ಕಚ್ಚು ಹಾಕೋ ಹಾಗೆ. ಡೆಂಟಿನ್ನಿಗೆ ಇದು ಅಷ್ಟು ಸುಲಭ ಆಗಲಿಲ್ಲ, ಯಾಕೆಂದರೆ ಅಲ್ಲಿ ನೀರಿದೆ, ನಾರಿದೆ. 1982ರಲ್ಲಿ ಜಪಾನಿನ ನೊಬುವೊ ನಕಬಯಾಶಿ ಅದನ್ನು ವಿವರಿಸಿದರು. ಆಮ್ಲ ಮೇಲಿನ ಖನಿಜವನ್ನು ಕರಗಿಸಿದಾಗ ಕೊಲಾಜೆನ್ ನಾರುಗಳು ಬಯಲಾಗುತ್ತವೆ. ರಾಳ ಆ ನಾರುಗಳ ಸಂದಿಯೊಳಗೆ ಇಳಿದು ಗಟ್ಟಿಯಾಗುತ್ತದೆ. ಹೀಗೆ ಅರ್ಧ ಹಲ್ಲು ಅರ್ಧ ರಾಳದ ಒಂದು ಮಿಶ್ರ ಪದರ ಹುಟ್ಟುತ್ತದೆ. ಅವ್ವನ ಕಡ್ಡಿಯನ್ನು ಹಿಡಿದಿದ್ದದ್ದು ಕೂದಲೆಳೆಗಿಂತ ಎಷ್ಟೋ ತೆಳುವಾದ ಆ ಪದರ.

ತೊಂದರೆ ಏನಂದರೆ, ಆಮ್ಲ ಎಷ್ಟು ಆಳಕ್ಕೆ ಮಣ್ಣು ತೊಳೆದಿದೆಯೋ ಅಷ್ಟು ಆಳಕ್ಕೆ ಅಂಟು ಇಳಿಯುವುದಿಲ್ಲ. ತಳದಲ್ಲಿ ಒಂದಿಷ್ಟು ಹುಲ್ಲು ಬೋಳಾಗಿ, ಒದ್ದೆಯಾಗಿ ಉಳಿದುಬಿಡುತ್ತದೆ. ಮಣ್ಣಿನ ರಕ್ಷಣೆಯೂ ಇಲ್ಲ, ಅಂಟಿನ ರಕ್ಷಣೆಯೂ ಇಲ್ಲ.

"ಒದ್ದೆ ಹುಲ್ಲು ಸಿಕ್ಕರೆ ಗೆದ್ದಲು ಬಿಡುತ್ತಾ?" ಅಂದೆ.

"ಅದೇ ಮಾವ! ಆದ್ರೆ ಈ ಗೆದ್ದಲು ಹೊರಗಿಂದ ಬರೋದಲ್ಲ. ಗೋಡೆ ಕಟ್ಟುವಾಗಲೇ ಒಳಗೆ ಸೇರಿಕೊಂಡಿರೋದು."

ಇದು ನನಗೆ ಇಡೀ ಕತೆಯಲ್ಲಿ ತುಂಬಾ ಆಶ್ಚರ್ಯ ಅನ್ನಿಸಿದ ಸಂಗತಿ. ನಮ್ಮ ದೇಹದಲ್ಲಿ ಕೊಲಾಜೆನ್ ಕತ್ತರಿಸುವ ಕಿಣ್ವಗಳಿವೆ. ಇವುಗಳಲ್ಲಿ ಒಂದು ದೊಡ್ಡ ಕುಟುಂಬಕ್ಕೆ ಮ್ಯಾಟ್ರಿಕ್ಸ್ ಮೆಟಲೋಪ್ರೋಟಿನೇಸ್ ಅಂತ ಬಾಯಿಗೆ ಹೊರಳದ ಹೆಸರು. ಚಿಕ್ಕದಾಗಿ ಎಂಎಂಪಿ. ಇದು ಮೊದಲು ಸಿಕ್ಕಿದ್ದು ಹಲ್ಲಿನಲ್ಲಿ ಅಲ್ಲ, ಕಪ್ಪೆಮರಿಯ ಬಾಲದಲ್ಲಿ! ಮಳೆಗಾಲದಲ್ಲಿ ಗದ್ದೆ ನೀರಲ್ಲಿ ಗೊದಮೊಟ್ಟೆ ಹಿಡಿದು ಸೀಸೆಯಲ್ಲಿ ಇಟ್ಟುಕೊಂಡು, ದಿನಾ ಬೆಳಿಗ್ಗೆ ಎದ್ದು ಬಾಲ ಎಷ್ಟು ಗಿಡ್ಡ ಆಯ್ತು ಅಂತ ನೋಡುತ್ತಿದ್ದದ್ದು ನಿಮಗೆ ನೆನಪಿದೆಯಾ? ಬಾಲ ಉದುರಿ ಬೀಳುತ್ತಿರಲಿಲ್ಲ, ಕರಗುತ್ತಿತ್ತು. ಹಾಗೆ ಕರಗಿಸುವ ಕಿಣ್ವವನ್ನು 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಕಂಡುಹಿಡಿದರು. ಗಾಯ ಮಾಯುವಾಗ, ಮಗು ಬೆಳೆಯುವಾಗ, ಹಳೇ ನಾರು ಕಿತ್ತು ಹೊಸದು ನೇಯುವಾಗ ಇವು ಬೇಕೇಬೇಕು.

ಹಲ್ಲು ರೂಪುಗೊಳ್ಳುವಾಗಲೂ ಇವು ದುಡಿದಿರುತ್ತವೆ. ಆಮೇಲೆ ಸುತ್ತ ಖನಿಜ ಗಟ್ಟಿಯಾದಾಗ ಒಂದಿಷ್ಟು ಕಿಣ್ವ ಅಲ್ಲೇ ಸಿಕ್ಕಿಹಾಕಿಕೊಂಡು ನಿದ್ದೆ ಹೋಗುತ್ತದೆ. ಡೆಂಟಿನ್ನಿನಲ್ಲಿ ಎಂಎಂಪಿ 2, 8, 9, 20 ಅಂತ ನಂಬರಿನವು ಇವೆ. ಜೊತೆಗೆ ಕ್ಯಾಥೆಪ್ಸಿನ್ ಅನ್ನೋ ಇನ್ನೊಂದು ಗುಂಪೂ ಇದೆ. ಎಂಎಂಪಿಯ ಹೊಟ್ಟೆಯೊಳಗೆ ಒಂದು ಸತುವಿನ ಪರಮಾಣು ಇರುತ್ತದೆ, ಅದೇ ಅದರ ಅಲಗು. ಆ ಅಲಗಿಗೆ ಒರೆ ಹಾಕಿದ ಹಾಗೆ ಪ್ರೋಟೀನಿನದೇ ಒಂದು ತುಣುಕು ಮುಚ್ಚಿಕೊಂಡಿರುತ್ತದೆ. ಒರೆ ಇರುವ ತನಕ ಕತ್ತಿ ಯಾರನ್ನೂ ಕುಯ್ಯುವುದಿಲ್ಲ. ಆಮ್ಲ ತಾಗಿದರೆ ಒರೆ ಸರಿಯುತ್ತದೆ. ಹುಳುಕು ಹಲ್ಲಿನಲ್ಲಿ ನಡೆಯೋದೂ ಇದೇ. ಬ್ಯಾಕ್ಟೀರಿಯಾದ ಆಮ್ಲ ಖನಿಜ ಕರಗಿಸುತ್ತದೆ, ಎಚ್ಚರಗೊಂಡ ನಮ್ಮದೇ ಕಿಣ್ವ ನಾರು ಕತ್ತರಿಸುತ್ತದೆ. 1998ರಲ್ಲಿ ಫಿನ್ಲೆಂಡಿನ ಲಿಯೋ ತ್ಯಾಡರ್ಹಾನೆ ಮತ್ತು ಸಂಗಡಿಗರು ಇದನ್ನು ಬರೆದರು. 2004ರಲ್ಲಿ ಡೇವಿಡ್ ಪ್ಯಾಶ್ಲಿ ಮತ್ತು ಸಂಗಡಿಗರು ಬ್ಯಾಕ್ಟೀರಿಯಾ ಇಲ್ಲದೆಯೂ, ಬರೀ ಡೆಂಟಿನ್ನಿನೊಳಗಿನ ಕಿಣ್ವದಿಂದಲೇ ಬಯಲಾದ ಕೊಲಾಜೆನ್ ಕಾಲಕ್ರಮೇಣ ನಶಿಸುತ್ತದೆ ಅಂತ ತೋರಿಸಿದರು. ಕತ್ತರಿಸೋಕೆ ಅದಕ್ಕೆ ನೀರು ಬೇಕು. ಪ್ರತಿ ಕತ್ತರಿಕೆಗೂ ಒಂದು ನೀರಿನ ಅಣು ಖರ್ಚಾಗುತ್ತದೆ. ಬಾಯಲ್ಲಿ ನೀರಿಗೇನು ಬರವೇ!

ಇಲ್ಲಿಗೆ ಒಂದು ಅನುಮಾನ ಬಂತು. "ಸರಿ ಪುಟ್ಟಿ, ಆದ್ರೆ ರೂಟ್ ಕೆನಾಲ್ ಮಾಡುವಾಗ ಒಳಗೆಲ್ಲ ಔಷಧಿ ಹಾಕಿ ತೊಳೀತಾರಲ್ಲ? ಆ ನೀರಿಗೇ ಈ ಕಿಣ್ವ ಸಾಯಲ್ವಾ?"

ಅವಳ ಮುಖ ಅರಳಿತು. "ಇದೇ ನಮಗೆ ಪರೀಕ್ಷೇಲಿ ಕೇಳೋ ಪ್ರಶ್ನೆ ಮಾವ" ಅಂದಳು.

ಆ ತೊಳೆಯುವ ನೀರುಗಳಲ್ಲಿ ಮುಖ್ಯವಾದವು ಮೂರು.

ಒಂದನೆಯದು ಸೋಡಿಯಂ ಹೈಪೋಕ್ಲೋರೈಟ್. ಹೆಸರು ಕೇಳಿ ಹೆದರಬೇಡಿ. ನಮ್ಮೂರ ಬಾವಿಗೆ ಪಂಚಾಯ್ತಿಯವರು ಸುರಿಯುತ್ತಿದ್ದ ಬ್ಲೀಚಿಂಗ್ ಪೌಡರಿನ ತಮ್ಮ ಅದು. ಅದು ಕ್ಯಾಲ್ಸಿಯಂನದು, ಇದು ಸೋಡಿಯಂನದು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಹೆನ್ರಿ ಡೇಕಿನ್ ಮತ್ತು ಅಲೆಕ್ಸಿಸ್ ಕ್ಯಾರೆಲ್ ಇದರ ಸುಮಾರು 0.5 ಶೇಕಡಾ ದ್ರಾವಣದಿಂದ ಸೈನಿಕರ ಗಾಯ ತೊಳೆಸಿದ್ದರು. ಬೇರಿನ ನಾಳಕ್ಕೆ ಸಾಮಾನ್ಯವಾಗಿ 0.5ರಿಂದ 6 ಶೇಕಡಾದವರೆಗೆ ಬಳಸುತ್ತಾರೆ. ಇದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಸತ್ತ ನರದ ಚೂರುಗಳನ್ನು ಕರಗಿಸುತ್ತದೆ. ಪ್ರೋಟೀನು ಅಂದರೆ ಇದಕ್ಕೆ ಆಗದು, ಹಾಗಾಗಿ ಮೇಲ್ಪದರದ ಕಿಣ್ವವನ್ನೂ ಕೆಡಿಸುತ್ತದೆ. ಆದರೆ ಜೊತೆಗೆ ಒಳ್ಳೇ ಕೊಲಾಜೆನ್ನಿಗೂ ಏಟು ಬೀಳುತ್ತದೆ. ಇನ್ನೊಂದು ತಾಪತ್ರಯ, ಇದು ಹಲ್ಲಿನ ಮೇಲ್ಮೈಯಲ್ಲಿ ಆಮ್ಲಜನಕ ಉಳಿಸಿಹೋಗುತ್ತದೆ. ಆಮ್ಲಜನಕ ಇದ್ದ ಕಡೆ ರಾಳದ ಅಂಟು ಸರಿಯಾಗಿ ಗಟ್ಟಿಯಾಗುವುದಿಲ್ಲ. ವಿಟಮಿನ್ ಸಿ ಜಾತಿಯ ಸೋಡಿಯಂ ಆಸ್ಕಾರ್ಬೇಟ್ ಹಾಕಿದರೆ ಈ ಕೆಡುಕು ಬಹಳಷ್ಟು ಸರಿಹೋಗುತ್ತದೆ ಅಂತ ಪ್ರಯೋಗಶಾಲೆಯಲ್ಲಿ ತೋರಿಸಿದ್ದಾರೆ. (ನಿಂಬೆಹಣ್ಣು ಹಿಂಡಬೇಡಿ ಮತ್ತೆ!)

ಎರಡನೆಯದು ಇಡಿಟಿಎ, 17 ಶೇಕಡಾ. 1957ರಲ್ಲಿ ನಾರ್ವೆಯ ನೈಗಾರ್ಡ್ ಓಸ್ಟ್ಬಿ ಇದನ್ನು ಬೇರಿನ ಚಿಕಿತ್ಸೆಗೆ ತಂದರು. ಇದು ಲೋಹದ ಕಣಗಳನ್ನು ಏಡಿ ಕೊಂಡಿಯಂತೆ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಸೂಜಿಯಿಂದ ಕೆರೆದಾಗ ಗೋಡೆಗೆ ಮೆತ್ತಿಕೊಳ್ಳುವ ಗಸಿಯನ್ನು ತೆಗೆಯೋಕೆ ಇದು ಬೇಕು. ಕ್ಯಾಲ್ಸಿಯಂ ಜೊತೆ ಸತುವನ್ನೂ ಕಚ್ಚುವುದರಿಂದ ಅದು ಇರುವಷ್ಟು ಹೊತ್ತು ಕಿಣ್ವದ ಅಲಗು ಮೊಂಡು. ಆದರೆ ತೊಳೆದು ತೆಗೆದ ಮೇಲೆ ಉಳಿಯೋದು ಏನು? ಖನಿಜ ಕಳೆದುಕೊಂಡು ಬಯಲಾದ ನಾರು.

ಮೂರನೆಯದು ಕ್ಲೋರ್ಹೆಕ್ಸಿಡಿನ್, 2 ಶೇಕಡಾ. ಔಷಧಿ ಅಂಗಡಿಯಲ್ಲಿ ಸಿಗುವ ಎಷ್ಟೋ ಬಾಯಿ ಮುಕ್ಕಳಿಸುವ ನೀರಿನಲ್ಲಿ ತೆಳುವಾಗಿ ಇರೋದು ಇದೇ. ಇದು ನಾರು ಕರಗಿಸುವುದಿಲ್ಲ, ಆದರೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಡೆಂಟಿನ್ನಿಗೆ ಅಂಟಿಕೊಂಡು ಸ್ವಲ್ಪ ಕಾಲ ನಿಲ್ಲುತ್ತದೆ, ಮುಖ್ಯವಾಗಿ ಎಂಎಂಪಿಗಳನ್ನು ತಡೆಯುತ್ತದೆ. 2007ರಲ್ಲಿ ಮಾರ್ಸೆಲಾ ಕರಿಲ್ಯೂ ಮತ್ತು ಸಂಗಡಿಗರು ಮನುಷ್ಯರ ಬಾಯಲ್ಲೇ ಮಾಡಿದ ಪ್ರಯೋಗದಲ್ಲಿ, ಕ್ಲೋರ್ಹೆಕ್ಸಿಡಿನ್ ಹಚ್ಚಿದ ಹಲ್ಲುಗಳ ಮಿಶ್ರ ಪದರ ತಿಂಗಳುಗಳ ಮೇಲೂ ಚೆನ್ನಾಗಿ ಉಳಿದಿತ್ತು.

"ಹಾಗಾದ್ರೆ ಮೂರನ್ನೂ ಒಟ್ಟಿಗೆ ಹಾಕಿಬಿಟ್ರೆ ಆಯ್ತಲ್ಲ!" ಅಂದೆ.

"ಅಯ್ಯೋ, ಬೇಡ. ಮೊದಲನೇದೂ ಮೂರನೇದೂ ಸೇರಿದ್ರೆ ಕಂದು ಕಿತ್ತಳೆ ಬಣ್ಣದ ಗಸಿ ಆಗಿ ನಾಳದ ಗೋಡೆಗೆ ಕೂತ್ಕೊಳತ್ತೆ. ಎರಡನೇದೂ ಮೂರನೇದೂ ಸೇರಿದ್ರೆ ಬಿಳೀ ಗಸಿ. ಒಂದು, ಎರಡು ಸೇರಿದ್ರೆ ಕ್ಲೋರಿನ್ನಿನ ಶಕ್ತಿ ಹೋಗತ್ತೆ. ಒಂದಾದ ಮೇಲೆ ಒಂದು, ನಡುವೆ ನೀರಲ್ಲಿ ತೊಳೀಬೇಕು. ಅಡುಗೆ ಹಾಗೆ ಮಾವ, ಸಾಮಾನು ಇದ್ರೆ ಸಾಲದು."

ಈಗ ಗಂಟಿನ ಕೊನೆ ಸುತ್ತು. 2006ರಲ್ಲಿ ಪ್ರಕಟವಾದ ಕೆಲವು ಪ್ರಯೋಗಗಳಲ್ಲಿ ಕಿತ್ತ ಹಲ್ಲುಗಳ ಬೇರಿನ ಡೆಂಟಿನ್ನನ್ನು ಪುಡಿಮಾಡಿ, ಅದರಲ್ಲಿ ಕೊಲಾಜೆನ್ ಕತ್ತರಿಸುವ ಚಟುವಟಿಕೆ ಎಷ್ಟಿದೆ ಅಂತ ಅಳೆದರು. ಹೈಪೋಕ್ಲೋರೈಟ್ ಮತ್ತು ಇಡಿಟಿಎಯಿಂದ ತೊಳೆದಾಗ ಅದು ತಗ್ಗಿತು. ಅಬ್ಬಾ, ಮುಗೀತು ಅಂದುಕೊಳ್ಳುವಷ್ಟರಲ್ಲಿ ಮೇಲೆ ಅಂಟು ಹಚ್ಚಿದರು. ಚಟುವಟಿಕೆ ಮತ್ತೆ ಎದ್ದು ಕೂತಿತು, ಮೊದಲಿಗಿಂತ ಎಷ್ಟೋ ಜಾಸ್ತಿ! ಯಾಕೆಂದರೆ ಇವತ್ತಿನ ಸುಲಭದ ಅಂಟುಗಳಲ್ಲಿ ಬೇರೆ ಆಮ್ಲ ಹಚ್ಚುವ ಕೆಲಸ ಉಳಿಸಲು ಅಂಟಿನೊಳಗೇ ಸಣ್ಣ ಆಮ್ಲದ ಗುಣ ಸೇರಿಸಿರುತ್ತಾರೆ. ಫಾಸ್ಫಾರಿಕ್ ಆಮ್ಲದಷ್ಟು ಕಟುವಲ್ಲ. ಕಟುವಾದರೆ ಕಿಣ್ವದ ಒಂದು ಭಾಗ ಸತ್ತೇ ಹೋಗಬಹುದು. ಇದು ಸೌಮ್ಯ. ಕೊಲ್ಲುವಷ್ಟಿಲ್ಲ, ಆದರೆ ಒಳಗಿರುವ ಕತ್ತಿಯ ಒರೆ ಸರಿಸುವಷ್ಟಿದೆ.

ಅಂದರೆ ಹಿಡಿದು ನಿಲ್ಲಿಸೋಕೆ ಅಂತ ಹಚ್ಚಿದ ಅಂಟೇ ಬಿಡಿಸುವವನನ್ನು ಎಬ್ಬಿಸಿತು. ಅದೂ ಅವ್ವನ ಸ್ವಂತ ಹಲ್ಲಿನೊಳಗೆ, ಅವಳ ಬಾಲ್ಯದಿಂದ ಮಲಗಿದ್ದವನನ್ನು.

ನಾನು ಸುಮ್ಮನೆ ಕೂತೆ. ಅಷ್ಟರಲ್ಲಿ ಅವ್ವ ಎಲೆ ಅಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು. ಮೊಮ್ಮಗಳು ತಟ್ಟೆಯನ್ನು ಆಚೆ ಸರಿಸಿ ಇನ್ನೊಂದು ವಿಷಯ ಹೇಳಿದಳು. ನಮ್ಮ ಕಡೆ ಹಿಂದೆ ತಂಗಡಿ ತೊಗಟೆ ಹಾಕಿ ಚರ್ಮ ಹದ ಮಾಡುತ್ತಿದ್ದರಲ್ಲ, ಆ ತೊಗಟೆಯ ಒಗರು ಮಾಡೋದೂ ಕೊಲಾಜೆನ್ ನಾರುಗಳನ್ನು ಒಂದಕ್ಕೊಂದು ಹೊಲಿದು ಕಟ್ಟುವ ಕೆಲಸವೇ. ಹೊಲಿದ ನಾರನ್ನು ಕಿಣ್ವ ಸುಲಭಕ್ಕೆ ಕತ್ತರಿಸಲಾರದು, ಅದಕ್ಕೇ ಚಪ್ಪಲಿ ಕೊಳೆಯುವುದಿಲ್ಲ. ದ್ರಾಕ್ಷಿ ಬೀಜದ ಒಗರಿನಿಂದ ಡೆಂಟಿನ್ನಿನ ನಾರನ್ನೂ ಹೀಗೆ ಹದ ಮಾಡಬಹುದಾ ಅಂತ ಸಂಶೋಧನೆ ನಡೆದಿದೆ. ಆದರೆ ಅದೇ ಜಾತಿಯ ಒಗರು ಅಡಿಕೆಯಲ್ಲೂ ಇದೆ. ದಿನಾ ಜಗಿದರೆ ಕೆನ್ನೆಯ ಒಳಗಿನ ನಾರು ಹದಗೊಂಡು ಕರಗದೆ, ಗಂಟುಕಟ್ಟಿ, ಬಾಯಿ ತೆರೆಯೋಕೇ ಆಗದ ಕಾಯಿಲೆ ಬರುತ್ತದೆ. ಅದಕ್ಕೆ ಕಾರಣಗಳಲ್ಲಿ ಇದೂ ಒಂದು. ಹಲ್ಲಿನಲ್ಲಿ ಬೇಕಾದದ್ದು ಕೆನ್ನೆಯಲ್ಲಿ ಬೇಡ. "ಅಜ್ಜಿ, ಅಡಿಕೆ ಬಿಡಿ, ಕಡ್ಡಿಪುಡಿ ಅಂತೂ ಮುಟ್ಟಲೇಬೇಡಿ" ಅಂದಳು. ಅವ್ವ "ಆಯ್ತು ಮಗ" ಅಂತ ಹೇಳಿ ತಟ್ಟೆ ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.

ಒಂದು ಮಾತು ಸ್ಪಷ್ಟ ಮಾಡಬೇಕು. ಅವ್ವನ ಹಲ್ಲು ಈ ಕಿಣ್ವದಿಂದಲೇ ಬಿಟ್ಟಿತು ಅಂತ ಯಾರೂ ಪ್ರಮಾಣ ಮಾಡಿ ಹೇಳೋಕಾಗಲ್ಲ. ಬೇರಿನ ಆಳಕ್ಕೆ ಅಂಟು ಗಟ್ಟಿ ಮಾಡುವ ಬೆಳಕು ಸರಿಯಾಗಿ ಇಳಿಯಲ್ಲ, ಕಿರಿದಾದ ನಾಳದಲ್ಲಿ ಅಂಟು ಕುಗ್ಗುವಾಗ ಗೋಡೆಯಿಂದ ಕಳಚುತ್ತದೆ, ನೀರಿನಿಂದ ರಾಳವೂ ಸವೆಯುತ್ತದೆ, ಕಚ್ಚುವ ಭಾರ ಇದ್ದೇ ಇದೆ. ಕ್ಲೋರ್ಹೆಕ್ಸಿಡಿನ್ ಕೂಡ ರಾಮಬಾಣ ಅಲ್ಲ, ನೀರಲ್ಲಿ ಕರಗುವ ವಸ್ತು, ಕಾಲ ಕಳೆದಂತೆ ಸೋರಿಹೋಗುತ್ತದೆ. ಲ್ಯಾಬಿನಲ್ಲಿ ಕಂಡಷ್ಟು ಸ್ಪಷ್ಟವಾದ ಲಾಭ ರೋಗಿಗಳ ಬಾಯಲ್ಲಿ ವರ್ಷಗಟ್ಟಲೆ ನೋಡಿದಾಗ ಕಂಡಿಲ್ಲ. ಇದನ್ನೆಲ್ಲ ಸೊಸೆಯೇ ಹೇಳಿದಳು. ಅವಳು ಒಂದೇ ಒಂದು ವಿಷಯದಲ್ಲಿ ಗಟ್ಟಿ ಇದ್ದಳು. "ಅಂಟು ಕಡ್ಡಿಗೆ ಇಷ್ಟು ಚೆನ್ನಾಗಿ ಹಿಡಿದಿರುವಾಗ ಆ ಡಾಕ್ಟರನ್ನ ಕಳ್ಳ ಅನ್ನೋದು ತಪ್ಪು ಮಾವ."

ಮುಂದಿನ ವಾರ ಅವ್ವನನ್ನು ಕರೆದುಕೊಂಡು ಅದೇ ಕ್ಲಿನಿಕ್ಕಿಗೆ ಹೋದೆ. ಜಗಳ ಆಡೋಕೆ ಅಂತ ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಖಾಲಿಯಾಗಿತ್ತು. ಸೆರಗಿನ ಗಂಟು ಮತ್ತೆ ಬಿಚ್ಚಿಕೊಂಡಿತು. ಡಾಕ್ಟರು ಎಕ್ಸ್‌ರೇ ತೆಗೆದರು. ಬೇರು ಸೀಳಿಲ್ಲ, ತುದಿಯಲ್ಲಿ ಕೀವಿಲ್ಲ, ಒಸಡಿನ ಮೇಲೆ ಸುತ್ತಲೂ ಎರಡು ಮಿಲಿಮೀಟರಿನಷ್ಟು ಗಟ್ಟಿ ಹಲ್ಲು ಇನ್ನೂ ನಿಂತಿದೆ. ಆ ಕಟ್ಟೆ ಇದ್ದರೆ ಮತ್ತೆ ಕೂರಿಸಬಹುದು ಅಂದರು. ನಾನು ತೊಳೆಯುವ ನೀರಿನ ಬಗ್ಗೆ, ಕಿಣ್ವದ ಬಗ್ಗೆ ಕೇಳಿದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, "ಓದಿಕೊಂಡು ಬಂದಿದೀರಿ" ಅಂತ ನಕ್ಕರು. ಆಮೇಲೆ ತಾವು ಯಾವ ಕ್ರಮದಲ್ಲಿ ತೊಳೆಯುತ್ತೇವೆ, ಕೊನೆಗೆ ಯಾಕೆ ನೀರು, ಯಾಕೆ ಕ್ಲೋರ್ಹೆಕ್ಸಿಡಿನ್, ಯಾಕೆ ಪೂರ್ತಿ ಒಣಗಿಸಬಾರದು ಎಲ್ಲ ಬಿಡಿಸಿ ಹೇಳಿದರು. ಕೊನೆಗೆ ತಾವಾಗಿಯೇ ಅಂದರು, "ಅವತ್ತು ಪರ್ಮನೆಂಟು ಅಂದಿದ್ದು ನನ್ನ ತಪ್ಪು. ಹಾಗೆ ಹೇಳಬಾರದಿತ್ತು."

ಅವ್ವ ಕುರ್ಚಿಯಲ್ಲಿ ಮಲಗಿಕೊಂಡೇ ಕೇಳಿದಳು. "ಈ ಸಲ ಎಷ್ಟ್ ವರ್ಷ ಬತ್ತದಪ್ಪ?"

"ಹೇಳಕ್ಕಾಗಲ್ಲ ಅಮ್ಮ. ಚೆನ್ನಾಗಿ ಬರಲಿ ಅಂತ ಮಾಡ್ತೀನಿ. ಬರುತ್ತೆ ಅಂತ ಬರೆದುಕೊಡಕ್ಕಾಗಲ್ಲ."

ಅವ್ವ ಹೂಂ ಅಂದು ಬಾಯಿ ತೆರೆದಳು. ಹೊರಗೆ ಬಂದಮೇಲೆ ನನಗೆ ಹೇಳಿದಳು, "ಈ ಡಾಕ್ಟ್ರು ಹೋದ್ಸಲಕ್ಕಿಂತ ವಾಸಿ ಕಣಪ್ಪ, ನಿಜ ಹೇಳ್ತಾರೆ." ಅದೇ ಡಾಕ್ಟರು ಅಂತ ನಾನು ತಿದ್ದಲಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅರಳಿಕಟ್ಟೆಯ ಭಾಷಣ ಒಂದು ಬಾಕಿ ಇದೆಯಲ್ಲ.

ಯುಗಾದಿಗೆ ಊರಿಗೆ ಹೋಗಿದ್ದೆ. ದೊಡ್ಡಪ್ಪನ ಮಗ, ಇನ್ನೂ ಮೂವತ್ತೆರಡು ವರ್ಷ, ಹೋಳಿಗೆ ತಿನ್ನುವಾಗ ಒಂದೇ ಕಡೆ ಅಗಿಯುತ್ತಿದ್ದ. ಏನಾಯ್ತೋ ಅಂದೆ. ಕೆಳದವಡೆಯ ದೊಡ್ಡ ಹಲ್ಲು ನೋಯುತ್ತಿತ್ತಂತೆ. ಹಾಸನದಲ್ಲಿ ತೋರಿಸಿದಾಗ, ರೂಟ್ ಕೆನಾಲ್ ಮಾಡಿದರೆ ಉಳಿಯುತ್ತೆ, ಮುಂದಿನ ಸೋಮವಾರ ಬನ್ನಿ ಅಂದಿದ್ದರಂತೆ. ಇವನು ಸೋಮವಾರ ಹೋಗಿದ್ದು ಕೀಳಿಸೋಕೆ.

"ಯಾಕೋ?" ಅಂದೆ, ಉತ್ತರ ಗೊತ್ತಿದ್ದೂ.

"ನೀನೇ ಹೇಳಿದ್ಯಲ್ಲಣ್ಣ ಕಟ್ಟೆ ಮೇಲೆ, ಎಲ್ಲಾ ದಂಧೆ, ಕೀಳ್ಸೋದೇ ವಾಸಿ ಅಂತ."

ಅವನ ದನಿಯಲ್ಲಿ ಆಕ್ಷೇಪ ಇರಲಿಲ್ಲ. ನನ್ನ ಮಾತಿಗೆ ಬೆಲೆ ಕೊಟ್ಟ ಸಮಾಧಾನವೇ ಇತ್ತು. ಅದೇ ನನಗೆ ಜಾಸ್ತಿ ಚುಚ್ಚಿತು. ಅವ್ವನ ಟೋಪಿ ಮತ್ತೆ ಕೂತಿದೆ, ಇದನ್ನು ಬರೆಯುವ ತನಕ ಗಟ್ಟಿಯಾಗಿಯೇ ಇದೆ. ಅವನ ಹಲ್ಲನ್ನು ಯಾವ ಅಂಟೂ ಹಿಂದಕ್ಕೆ ತರುವುದಿಲ್ಲ.

ಅವತ್ತು ಸಂಜೆ ಅರಳಿಕಟ್ಟೆಗೆ ಹೋಗಿ, ಹೋದಸಲ ನಾನು ಹೇಳಿದ್ದು ತಪ್ಪು ಅಂತ ಹೇಳಿದೆ. ಕೂತಿದ್ದವರು ನಾಲ್ಕೇ ಜನ. ಹೋದಸಲ ಹತ್ತು ಹನ್ನೆರಡು ಜನ ಇದ್ದರು. ಉಳಿದವರಿಗೆ ಮನೆಮನೆಗೆ ಹೋಗಿ ಹೇಳಬೇಕು. ಅಲ್ಲಿಯವರೆಗೆ ಇಲ್ಲಾದರೂ ಬರೆದಿಡೋಣ ಅಂತ ಕೂತೆ.

ನಿಮ್ಮ ಮನೆಯಲ್ಲೂ ಯಾರದಾದರೂ ಹೀಗೆ ಟೋಪಿ ಕಳಚಿಬಂದರೆ ಬಿಸಾಕಬೇಡಿ. ತೊಳೆದು ಗಂಟುಕಟ್ಟಿ ಇಟ್ಟುಕೊಂಡು ಬೇಗ ಡಾಕ್ಟರ ಹತ್ತಿರ ಹೋಗಿ. ಕಟ್ಟೆ ಮೇಲೆ ಮಾತಾಡೋದನ್ನು ಮಾತ್ರ ಅದು ಆದಮೇಲೆ ಇಟ್ಟುಕೊಳ್ಳಿ.